ಒಂದೇ ಪ್ರತಿ ಸಾಲದು

1565ರ ತಾಳಿಕೋಟೆ ಯುದ್ಧವನ್ನು ವಿವರಿಸುವ ಪ್ರಮುಖ ಗ್ರಂಥಗಳಲ್ಲಿ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಫಿರಿಶ್ತಾ ಬರೆದ ಪಾರ್ಸಿ ಇತಿಹಾಸವೂ ಒಂದು. ಕಾಗದ ಜೀರ್ಣವಾದರೂ ಗ್ರಂಥ ಉಳಿಯಿತು. ಲಿಪಿಕಾರರು ಪ್ರತಿ ಮಾಡುತ್ತ ಬಂದರು. 1831ರಲ್ಲಿ ಅದು ಮುಂಬಯಿಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಆದರೆ ಬಿಜಾಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು 1853ರಲ್ಲಿ ಲಂಡನ್ ಸೇರಿದವು. ನಮ್ಮ ವಿದ್ಯಾರ್ಥಿಗಳಿಗೆ ದೂರವಾದವು.

ಇಂದು ಎಷ್ಟೋ ಮನೆಗಳ ದಾಖಲೆ, ಫೋಟೋಗಳು ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯಲ್ಲಿವೆ. ಅದರಲ್ಲಿ ಜೋಡಿ ಡಿಸ್ಕ್ ಇದ್ದರೂ, ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಆದ್ದರಿಂದ ಹಳೆಯ ಪೆಟ್ಟಿಗೆ ಕೆಡುವ ಮೊದಲೇ ಹೊಸದಕ್ಕೆ ನಕಲು ಮಾಡಿ, ತೆರೆದು ಪರೀಕ್ಷಿಸಿ, ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿಡಬೇಕು. ಆ ಲಿಪಿಕಾರರು ನಮಗೆ ಬಿಟ್ಟುಹೋದ ಪಾಠವೂ ಇದೇ.