ನಡುವೆ ಉಳಿದ ಆಮೆನ್: ಊಟದ ನಂತರದ ಯಹೂದಿ ಸ್ತುತಿಯಲ್ಲಿ ಒಂದು ಹಳೆಯ ಗುರುತು

ಉಂಡು ತೃಪ್ತನಾದ ಮೇಲೆ ದೇವರನ್ನು ಸ್ತುತಿಸಬೇಕೆಂಬ ವಿಧಿ ಧರ್ಮೋಪದೇಶಕಾಂಡ 8:10ರಲ್ಲಿದೆ. ಅದರಿಂದ ಬೆಳೆದ ಬಿರ್ಕತ್ ಹಮಝೋನ್‌ನಲ್ಲಿ ನಾಲ್ಕು ಸ್ತುತಿಗಳು: ಅನ್ನ, ನಾಡು, ಜೆರುಸಲೇಮ್, ಕೊನೆಗೆ ‘ಒಳ್ಳೆಯವನು, ಒಳಿತು ಮಾಡುವವನು’. ನಾಲ್ಕನೆಯದು ರೋಮನ್ನರ ವಿರುದ್ಧದ ದಂಗೆಯಲ್ಲಿ ಬೇತರ್‌ನಲ್ಲಿ ಹತರಾದವರಿಗೆ ಶವಸಂಸ್ಕಾರ ದೊರೆತಾಗ ರಬ್ಬಿಗಳ ಕೇಂದ್ರವಾಗಿದ್ದ ಯಾವ್ನೆಯಲ್ಲಿ ವಿಧಿಸಿದ್ದೆಂದು ತಾಲ್ಮುಡ್ ಹೇಳುತ್ತದೆ (ಬೆರಾಖೋತ್ 48ಬಿ). 1929ರಲ್ಲಿ ಲೂಯಿ ಫಿಂಕಲ್‌ಸ್ಟೈನ್ ಇಡೀ ಬಿರ್ಕತ್ ಹಮಝೋನ್‌ನ ಮೂಲಪಾಠವನ್ನು ಪುನಾರಚಿಸಲು ಯತ್ನಿಸಿದರು. ಹಾಗೆ ಒಂದೇ ಮೂಲಪಾಠವಿತ್ತೆಂಬುದನ್ನೇ ಯೋಸೆಫ್ ಹೈನೆಮನ್ ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಪದಗಳು ಬದಲಾದರೂ ರಚನೆಯ ಗುರುತು ಉಳಿಯಬಲ್ಲದು.

ಆ ಗುರುತು ಮೂರನೆಯ ಸ್ತುತಿಯ ಕೊನೆಗಿರುವ ಆಮೆನ್. ತನ್ನ ಸ್ತುತಿಗೆ ತಾನೇ ಆಮೆನ್ ಹೇಳುವವನು ಶ್ಲಾಘ್ಯನೆಂದು ಒಂದು ಬರೈತಾ (ಮಿಷ್ನಾದ ಹೊರಗುಳಿದ ಹಳೆಯ ಉಪದೇಶ), ನಿಂದ್ಯನೆಂದು ಇನ್ನೊಂದು. ಜೆರುಸಲೇಮ್ ಸ್ತುತಿಯ ಕೊನೆಗಾದರೆ ಶ್ಲಾಘ್ಯ, ಬೇರೆಡೆ ನಿಂದ್ಯ ಎಂದು ತಾಲ್ಮುಡ್ ಎರಡನ್ನೂ ಹೊಂದಿಸುತ್ತದೆ (45ಬಿ). ತೋರಾ ವಿಧಿಸಿದ ಸ್ತುತಿಗಳು ಇಲ್ಲಿಗೆ ಮುಗಿದವು ಎಂಬ ಕಾರಣಕ್ಕೇ ಈ ಆಮೆನ್ ಎನ್ನುತ್ತದೆ ನಂತರದ ಧರ್ಮಸಂಹಿತೆ ಶುಲ್ಖಾನ್ ಅರೂಖ್. ಹಾಗಿದ್ದರೆ ಇದು ನಾಲ್ಕನೆಯದನ್ನು ಬೇರ್ಪಡಿಸಲೆಂದೇ ಹಾಕಿದ ಗಡಿಕಲ್ಲೇ? ಅಲ್ಲವೆಂದು ನನ್ನ ವಾದ.

ತಾಲ್ಮುಡ್‌ನ ಅದೇ ಪುಟದ ಮುಂದಿನ ಸಾಲುಗಳನ್ನು ನೋಡಿ. ತಾಲ್ಮುಡ್‌ನ ಪಂಡಿತ ಅಬಾಯೆ ಈ ಆಮೆನ್ ಅನ್ನು ಗಟ್ಟಿಯಾಗಿ ಹೇಳುತ್ತಿದ್ದ: ಕೂಲಿಯಾಳುಗಳು ಕೇಳಿಸಿಕೊಂಡು ಕೆಲಸಕ್ಕೆ ಏಳಲಿ, ಉಳಿದದ್ದು ತೋರಾದ ವಿಧಿಯಲ್ಲವಲ್ಲ ಎಂದು. ಇನ್ನೊಬ್ಬ ಪಂಡಿತ ರವ್ ಅಶಿ ಪಿಸುಗುಟ್ಟುತ್ತಿದ್ದ: ಜನ ನಾಲ್ಕನೆಯದನ್ನು ಹಗುರವಾಗಿ ಕಾಣಬಾರದೆಂದು. ಬೇರ್ಪಡಿಸುವುದೇ ಅದರ ಉದ್ದೇಶವಾಗಿದ್ದರೆ ಪಿಸುಗುಟ್ಟಿದ ಆಮೆನ್‌ನಿಂದ ಏನು ಪ್ರಯೋಜನ? ಬೇಡವೆನಿಸಿದ್ದರೆ ಅಶಿ ಬಿಟ್ಟೇಬಿಡಬಹುದಿತ್ತು. ಬಿಡಲಿಲ್ಲ, ದನಿಯನ್ನಷ್ಟೇ ತಗ್ಗಿಸಿದ. ಇಬ್ಬರಿಗೂ ಅದು ಹಿಂದಿನಿಂದ ಬಂದ ವಾಡಿಕೆ. ಒಂದು ಕಾಲಕ್ಕೆ ಸ್ತುತಿಮಾಲೆ ಅಲ್ಲೇ ಮುಗಿಯುತ್ತಿದ್ದುದರ ಉಳಿಕೆ ಎಂದು ನನಗನ್ನಿಸುತ್ತದೆ.

ಅನ್ನಿಸುತ್ತದೆ ಎಂದೇ ಹೇಳಬೇಕು. ಬರೈತಾಗಳನ್ನು ಹೊಂದಿಸಿದ ದನಿ ಅನಾಮಿಕ. ಜೆರುಸಲೇಮ್‌ನ ಹೆಸರು ಬರುವುದು ಆ ಪದರದಲ್ಲಿ, ಬರೈತಾಗಳಲ್ಲಲ್ಲ. ಅಬಾಯೆ, ಅಶಿ ಇಬ್ಬರೂ ಬ್ಯಾಬಿಲೋನಿಯದವರು, ಬೇತರ್‌ನ ಪತನಕ್ಕೆ ಸುಮಾರು ಎರಡು ಶತಮಾನ ಅಥವಾ ಅದಕ್ಕೂ ಈಚಿನವರು. ಹಾಗಾಗಿ ಈ ಪುಟ ಹೇಳುವುದು ಆಮೆನ್ ಅವರಿಗಿಂತ ಹಿಂದಿನದು ಎಂಬುದನ್ನಷ್ಟೇ, ಯಾವ್ನೆಗಿಂತ ಹಿಂದಿನದು ಎಂಬುದನ್ನಲ್ಲ. ಆ ಪ್ರಶ್ನೆಗೆ ಉತ್ತರಿಸಲು ಕೈರೋ ಗೆನಿಜಾ ಎಂಬ ಹಳೆಯ ಹಸ್ತಪ್ರತಿ ಸಂಗ್ರಹದ ಪ್ಯಾಲೆಸ್ಟೀನ್ ಸಂಪ್ರದಾಯದ ಪ್ರತಿಗಳಲ್ಲಿ ಮೂರನೆಯ ಸ್ತುತಿಯ ಕೊನೆಯ ಸಾಲನ್ನು ಒಂದೊಂದಾಗಿ ಹೋಲಿಸಬೇಕು.