ಬೂಲಿಯನ್ ಗುರುತು

ಡೇಟಾಬೇಸಿನಲ್ಲಿ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರವುಳ್ಳ ಮಾಹಿತಿಯನ್ನು ಹಿಡಿದಿಡುವ ಕಾಲಂ. ಇಂಗ್ಲಿಷ್ ಗಣಿತಜ್ಞ ಜಾರ್ಜ್ ಬೂಲ್‌ನ (1815–1864) ಹೆಸರನ್ನು ಹೊತ್ತಿರುವ ಈ ಪ್ರಕಾರ ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನಕಕ್ಕೆ ಸೇರಿದ್ದು 1999ರಲ್ಲಿ.

ಕರ್ನಾಟಕದಲ್ಲಿ ಇದರ ಬೆಲೆ ತಿಳಿಯಲು ಜಮೀನಿನ ದಾಖಲೆಯಾದ ಪಹಣಿಯನ್ನು ನೋಡಬೇಕು. ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಕಬಿನಿ ನಾಲೆಯ ನೀರುಣ್ಣುವ ಗದ್ದೆಗಳೂ ಇವೆ, ಮಳೆ ನಂಬಿದ ಖುಷ್ಕಿ ಹೊಲಗಳೂ ಇವೆ. ಒಂದು ಸರ್ವೆ ನಂಬರಿನ ಬಗ್ಗೆ ಕೊಳ್ಳುವವರೂ ಬ್ಯಾಂಕಿನವರೂ ಕೇಳುವುದು ಇಂಥವನ್ನೇ: ನೀರಾವರಿ ಇದೆಯೇ? ಪಹಣಿಯ 11ನೇ ಕಾಲಂನಲ್ಲಿ ಋಣವಿದೆಯೇ? ತಕರಾರಿದೆಯೇ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾಗಿ 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಟ್ಟ, ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಲಾಗದ ಜಮೀನೇ? ಒಂದೊಂದಕ್ಕೂ ಒಂದು ಬೂಲಿಯನ್ ಗುರುತು ಸಾಕು.

ಜಾಗದ ಉಳಿತಾಯಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಗಮನ ಸಂದಿದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗಳಲ್ಲಿ ಒಂದು ಗುರುತಿಗೆ 1 ಬೈಟ್ ಸಾಕು. ಎಸ್‌ಕ್ಯೂಎಲ್ ಸರ್ವರ್ ಒಂದೇ ಬೈಟಿನಲ್ಲಿ ಬಿಟ್ ಬಗೆಯ 8 ಕಾಲಂಗಳನ್ನು ತಾನೇ ಅಡಕುತ್ತದೆ. ಎಲ್ಲ ಗುರುತುಗಳನ್ನೂ ಒಂದು ಪೂರ್ಣಾಂಕದೊಳಗೆ ತುರುಕುವ ಜಾಣತನವೂ ಬಳಕೆಯಲ್ಲಿದೆ. ಆಗ ಮೂರನೆಯ ಬಿಟ್ ತಕರಾರಿನದೋ ಋಣದ್ದೋ ಎಂಬುದು ಪ್ರೋಗ್ರಾಂ ಬರೆದವರಿಗಷ್ಟೇ ಗೊತ್ತು. ಆ ಬಿಟ್ ಹುಡುಕಲು ಸಾಮಾನ್ಯ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ನೆರವಾಗುವುದಿಲ್ಲ.

ಹುಡುಕಾಟದ ವೇಗ ನಿಂತಿರುವುದು ‘ಹೌದು’ ಎಷ್ಟು ವಿರಳ ಎಂಬುದರ ಮೇಲೆ. ಲಕ್ಷ ಪಹಣಿಗಳಲ್ಲಿ ಅರ್ಧ ನೀರಾವರಿಯಾದರೆ ಇಂಡೆಕ್ಸಿಗಿಂತ ಇಡೀ ಕೋಷ್ಟಕವನ್ನು ಓದುವುದೇ ಲೇಸು. ತಕರಾರು 500ಕ್ಕೆ ಮಾತ್ರ ಎಂದಿಟ್ಟುಕೊಂಡರೆ ಆ 500ನ್ನಷ್ಟೇ ಒಳಗೊಂಡ ಭಾಗಶಃ ಇಂಡೆಕ್ಸ್ ಚಿಕ್ಕದು, ಚುರುಕಾದದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಈ ಸೌಲಭ್ಯವಿದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಅದು ಬಂದದ್ದು 2008ರ ಆವೃತ್ತಿಯಲ್ಲಿ. ‘ನೀರಾವರಿ ಇದ್ದು, ಋಣವಿಲ್ಲದ, ತಕರಾರಿಲ್ಲದ’ ಎಂದು ಹಲವು ಗುರುತು ಕೂಡಿಸಿ ಕೇಳಿದರೆ ಒರಾಕಲ್‌ನಲ್ಲಿರುವಂಥ ಬಿಟ್‌ಮ್ಯಾಪ್ ಇಂಡೆಕ್ಸ್ ಗೆಲ್ಲುತ್ತದೆ. ಸಾಲಿಗೊಂದು ಬಿಟ್‌ನಂತೆ ಲಕ್ಷ ಸಾಲಿಗೆ 12,500 ಬೈಟ್. 64 ಬಿಟ್ ಪ್ರೊಸೆಸರ್ ಒಂದೇ ಏಟಿಗೆ 64 ಸಾಲುಗಳನ್ನು ಹೋಲಿಸಬಲ್ಲದು. ಆದರೆ ಒಂದು ಸಾಲು ಬದಲಾದರೂ ಬಿಟ್‌ಮ್ಯಾಪಿನ ಒಂದು ಇಡೀ ತುಂಡೇ ಬೀಗಕ್ಕೆ ಒಳಗಾಗುವುದರಿಂದ, ದಿನವೂ ಖಾತೆ ಬದಲಾಗುವ ಕೋಷ್ಟಕಕ್ಕೆ ಇದು ಒಗ್ಗದು. ವರದಿ ತೆಗೆಯಲೆಂದೇ ಇಟ್ಟ ಪ್ರತಿಗೆ ಸರಿ.

ನಿಜವಾದ ತೊಡಕು ಖಾಲಿ ಬಿಟ್ಟ ಕಾಲಂ. ‘ಋಣವಿಲ್ಲ’ ಎಂಬುದೂ ‘ಪರಿಶೀಲಿಸಿಲ್ಲ’ ಎಂಬುದೂ ಬೇರೆ ಬೇರೆ. ಎಸ್‌ಕ್ಯೂಎಲ್ ಖಾಲಿಯನ್ನು ಮೂರನೆಯ ಸ್ಥಿತಿಯಾಗಿ ಎಣಿಸುವುದರಿಂದ ಋಣವಿಲ್ಲದವುಗಳನ್ನು ಕೇಳಿದಾಗ ಖಾಲಿ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಅದಕ್ಕೇ ಅನುಭವಿಗಳು ಕಾಲಂ ಖಾಲಿ ಬಿಡಗೊಡುವುದಿಲ್ಲ; ಪರಿಶೀಲನೆ ನಡೆಯಿತೇ ಎಂಬುದಕ್ಕೆ ಬೇರೆಯೇ ಒಂದು ಗುರುತು ಇಡುತ್ತಾರೆ.