ಹದಿನಾರು ಮೂಲೆಯ ಕಣ

1792ರ ಅಕ್ಟೋಬರ್. ಅಮೆರಿಕದ ಸಂವಿಧಾನ ಜಾರಿಗೆ ಬಂದು ಮೂರೂವರೆ ವರ್ಷ ಆಗಿದೆ ಅಷ್ಟೆ. ದೇಶದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ರಾಜಧಾನಿ ಫಿಲಡೆಲ್ಫಿಯಾದಲ್ಲಿದ್ದಾನೆ. ಅವನ ಹೊಲ, ಮನೆ ಎಲ್ಲಾ ಇರೋದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ವರ್ಜೀನಿಯಾದ ಮೌಂಟ್ ವರ್ನನ್‌ನಲ್ಲಿ. ಅಲ್ಲಿನ ಮ್ಯಾನೇಜರ್ ಆಂಥನಿ ವೈಟಿಂಗ್ ವಾರಕ್ಕೊಂದು ವರದಿ ಕಳಿಸಬೇಕು, ಇವನು ವಾರಕ್ಕೊಂದು ಉತ್ತರ ಬರೀತಾನೆ. ನಮ್ಮ ವೀಕ್ಲಿ ಸ್ಟೇಟಸ್ ಕಾಲ್ ಏನೂ ಹೊಸದಲ್ಲ ನೋಡಿ. ಆ ಅಕ್ಟೋಬರಿನಲ್ಲಿ ಕಳಿಸಿದ ಪತ್ರದ ಜೊತೆ ಒಂದು ನಕ್ಷೆಯೂ ಹೋಯಿತು. ಡೋಗ್ ರನ್ ಅನ್ನೋ ಹೊಲದಲ್ಲಿ ಗೋಧಿ ತುಳಿಸೋಕೆ ಹದಿನಾರು ಮುಖದ ಒಂದು ಕಟ್ಟಡ ಕಟ್ಟಿ ಅಂತ. ಕೆಳಗಿನ ಅಂತಸ್ತಿಗೆ ಎಷ್ಟು ಇಟ್ಟಿಗೆ ಬೇಕು ಅಂತಲೂ ಅವನೇ ಲೆಕ್ಕ ಹಾಕಿದ್ದ: 30,820.

ಸುಮಾರು ಮೂವತ್ತು ಸಾವಿರ ಅಲ್ಲ. ಮೂವತ್ತು ಸಾವಿರದ ಎಂಟುನೂರ ಇಪ್ಪತ್ತು. ಯುವಕನಾಗಿದ್ದಾಗ ಭೂಮಾಪಕನಾಗಿದ್ದವನು, ಲೆಕ್ಕ ಬಿಟ್ಟಿರಲಿಲ್ಲ.

ಈ ಕಟ್ಟಡವನ್ನು ನಾನು 1:48 ಅಳತೆಯಲ್ಲಿ ಕಟ್ಟಿದೆ. ರೆಡಿಮೇಡ್ ಕಿಟ್ ತಂದು ಜೋಡಿಸೋದಲ್ಲ, ನಕ್ಷೆ ನೋಡಿ ಪ್ರತಿ ಹಲಗೆಯನ್ನೂ ನಾವೇ ಕತ್ತರಿಸಿ ಮಾಡೋದು. ಇದಕ್ಕೆ ಹವ್ಯಾಸಿಗಳು ಸ್ಕ್ರ್ಯಾಚ್ ಬಿಲ್ಡ್ ಅಂತಾರೆ. ನಲವತ್ತೆಂಟರಲ್ಲಿ ಒಂದು ಅಂದರೆ ನಿಜವಾದ ಒಂದು ಅಡಿ ನಮ್ಮ ಮೇಜಿನ ಮೇಲೆ ಕಾಲು ಇಂಚು. ಮೂಲ ಕಟ್ಟಡದ ಅಡ್ಡಳತೆ 52 ಅಡಿ. ಮಾಡೆಲ್‌ನಲ್ಲಿ ಅದು 13 ಇಂಚು. ಒಂದು ದೊಡ್ಡ ರೊಟ್ಟಿ ಹೆಂಚಿನಷ್ಟು. ಬೆಂಗಳೂರಿನ ಟು ಬಿಎಚ್‌ಕೆ ಮನೆಯಲ್ಲೂ ಜಾಗ ಸಿಗುತ್ತೆ.

ಇತಿಹಾಸದ ಪುಸ್ತಕ ಓದುವಾಗ "ಹದಿನಾರು ಮುಖದ ಕಟ್ಟಡ" ಅಂತ ಬಂದರೆ, ಹೌದಾ, ಚೆನ್ನಾಗಿದೆ ಅಂತ ಮುಂದೆ ಹೋಗ್ತೀವಿ. ಕೈಯಲ್ಲಿ ಬ್ಲೇಡ್ ಹಿಡಿದಾಗ ಮಾತ್ರ ಪ್ರಶ್ನೆ ಏಳುತ್ತೆ: ಯಾಕೆ ಹದಿನಾರು? ನಾಲ್ಕು ಗೋಡೆ ಸಾಲದಾ?

ಕಣ ನೋಡಿದವರಿಗೆ ಇದರ ಉತ್ತರ ಅರ್ಧ ಗೊತ್ತೇ ಇರುತ್ತೆ. ನಮ್ಮ ಕಡೆ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಹರವಿದ ತೆನೆಯ ಮೇಲೆ ಸುತ್ತಿಸ್ತಾರೆ. ಅದಕ್ಕೆ ಹಂತಿ ಅಂತೀವಿ. ರಾತ್ರಿಯೆಲ್ಲಾ ಹಂತಿ ಹೊಡೆಯುವಾಗ ನಿದ್ದೆ ಬರಬಾರದು ಅಂತ ಹಾಡೂ ಇರ್ತಿದ್ದವು. ಹಂತಿ ಯಾವತ್ತೂ ದುಂಡಗೆ. ಪ್ರಾಣಿ ಮೂಲೆಯಲ್ಲಿ ತಿರುಗಲ್ಲ. ವರ್ಜೀನಿಯಾದಲ್ಲಿ ಎತ್ತಿನ ಬದಲು ಕುದುರೆ, ಅದೂ ನಡಿಗೆಯಲ್ಲ, ಓಟ. ಚೌಕದ ಮನೆಯೊಳಗೆ ಅವನ್ನು ಸುತ್ತಿಸಿದರೆ ನಾಲ್ಕು ಮೂಲೆಯೂ ದಂಡ. ಪೂರ್ತಿ ದುಂಡಗೆ ಕಟ್ಟೋಣ ಅಂದರೆ ಮರದ ಹಲಗೆ ಬಗ್ಗಲ್ಲ. ಹಾಗಾಗಿ ನಡುವಿನ ದಾರಿ. ಒಂದು ವೃತ್ತದೊಳಗೆ ಚೌಕ ಬರೆದರೆ ಅದು ವೃತ್ತದ ವಿಸ್ತೀರ್ಣದ ನೂರಕ್ಕೆ 64ರಷ್ಟನ್ನು ಮಾತ್ರ ತುಂಬುತ್ತೆ. ಎಂಟು ಮುಖಕ್ಕೆ 90. ಹದಿನಾರಕ್ಕೆ 97. ನೇರ ಹಲಗೆಯಲ್ಲೇ ಹೆಚ್ಚೂಕಡಿಮೆ ದುಂಡು ಸಿಕ್ಕಿತಲ್ಲ!

ಆದರೆ ಈ ದುಂಡಿಗೆ ಬೆಲೆ ಇದೆ. ಪ್ರತಿ ಗೋಡೆಯ ಅಂಚನ್ನೂ 11.25 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಹದಿನಾರು ಗೋಡೆ, ಮೂವತ್ತೆರಡು ಅಂಚು. ಒಂದೊಂದು ಅಂಚಿನಲ್ಲೂ ಅರ್ಧ ಡಿಗ್ರಿ ಒಂದೇ ಕಡೆಗೆ ವಾಲಿತು ಅಂದುಕೊಳ್ಳಿ. ಕೊನೆಯ ಗೋಡೆ ಬಂದು ಮೊದಲ ಗೋಡೆಗೆ ಸೇರಬೇಕಾದ ಜಾಗದಲ್ಲಿ 16 ಡಿಗ್ರಿ ವ್ಯತ್ಯಾಸ. ಬಾಗಿಲೇ ಬೇಡ, ಆ ಸಂದಿಯಲ್ಲೇ ಕುದುರೆ ನುಗ್ಗಬಹುದು. ನನಗೆ ಉಕ್ಕಿನ ಸ್ಕೇಲ್, ಅಳತೆಗೆ ಡಿಜಿಟಲ್ ಕ್ಯಾಲಿಪರ್, ಕೋನಕ್ಕೆ ಒಂದು ಜಿಗ್ ಇತ್ತು. 1792ರ ಬಡಗಿಗೆ ಇದ್ದದ್ದು ಕೈವಾರ, ದಾರ, ಗರಗಸ. ಗೋಡೆಗಳು ಒಂದೊಂದೂ ಸುಮಾರು 10 ಅಡಿ ಅಗಲ. ಅದಾದ ಮೇಲೆ ಹದಿನಾರು ಕಡೆಯಿಂದ ಏರಿ ಬರುವ ಮಾಡು. ನೆತ್ತಿಯಲ್ಲಿ ಎಲ್ಲವೂ ಒಂದೇ ಕಡೆ ಕೂಡಬೇಕು. ನಕ್ಷೆ ಕಳಿಸಿದವನು ಫಿಲಡೆಲ್ಫಿಯಾದಲ್ಲಿ. ನೆತ್ತಿ ಕೂಡದಿದ್ದರೆ ಏಣಿ ಹತ್ತಿ ಅದಕ್ಕೆ ಉತ್ತರ ಹುಡುಕಬೇಕಾದವನು ಬೇರೆಯವನು.

ಕಟ್ಟಡದ ಜೀವ ಇರೋದು ಮೇಲಂತಸ್ತಿನ ನೆಲದಲ್ಲಿ. ಕುದುರೆಗಳು ಮಣ್ಣಿನ ಇಳಿಜಾರು ಹತ್ತಿ ನೇರ ಮೇಲಂತಸ್ತಿಗೆ ಬರ್ತವೆ. ನಡುವೆ ತೆನೆ ಇಡೋ ಜಾಗ, ಸುತ್ತಲೂ 10–12 ಅಡಿ ಅಗಲದ ಓಟದ ಹಾದಿ. ಆ ಹಾದಿಯ ಹಲಗೆಗಳ ನಡುವೆ ಸುಮಾರು ಒಂದೂವರೆ ಇಂಚಿನ ಸಂದಿ ಬಿಟ್ಟಿದ್ದಾರೆ. ಕುದುರೆ ಓಡಿದಂತೆ ಕಾಳು ಉದುರಿ ಸಂದಿಯಿಂದ ಕೆಳಗಿನ ಇಟ್ಟಿಗೆ ಗೋಡೆಯ ಉಗ್ರಾಣಕ್ಕೆ ಬೀಳುತ್ತೆ, ಹುಲ್ಲು ಮೇಲೇ ಉಳಿಯುತ್ತೆ. ಸಂದಿ ಕಿರಿದಾದರೆ ಕಾಳು ಬೀಳಲ್ಲ, ಅಗಲವಾದರೆ ಹುಲ್ಲೂ ಬೀಳುತ್ತೆ, ಕುದುರೆ ಕಾಲೂ ಸಿಕ್ಕಿಕೊಳ್ಳುತ್ತೆ. ಇಡೀ ಕಟ್ಟಡವೇ ಒಂದು ಜರಡಿ.

1:48ರಲ್ಲಿ ಒಂದೂವರೆ ಇಂಚು ಅಂದರೆ 0.8 ಮಿಲಿಮೀಟರ್. ಅಷ್ಟು ಸಣ್ಣ ಸಂದಿಯನ್ನು ನೂರಾರು ಪಟ್ಟಿಗಳ ನಡುವೆ ಒಂದೇ ಸಮ ಬಿಡೋದು ಹೇಗೆ? ಅವಧಿ ಮುಗಿದ ಕ್ರೆಡಿಟ್ ಕಾರ್ಡ್ ತಗೊಳ್ಳಿ. ಜಗತ್ತಿನ ಎಲ್ಲಾ ಬ್ಯಾಂಕಿನ ಕಾರ್ಡುಗಳ ದಪ್ಪ 0.76 ಮಿಲಿಮೀಟರ್. ಪಟ್ಟಿ ಅಂಟಿಸಿ, ಕಾರ್ಡ್ ತಾಗಿಸಿ, ಮುಂದಿನ ಪಟ್ಟಿ ಅಂಟಿಸಿ, ಕಾರ್ಡ್ ಎಳೆಯಿರಿ. ನೆಲ ಮುಗಿದ ಮೇಲೆ ಅದರ ಮೇಲೆ ಒಂದು ಚಮಚ ಚಿರೋಟಿ ರವೆ, ಸಣ್ಣಗೆ ಕತ್ತರಿಸಿದ ಪೊರಕೆ ಕಡ್ಡಿ ಹಾಕಿ ಬೆರಳಿನಿಂದ ಆಡಿಸಿದರೆ ರವೆ ಕೆಳಗೆ, ಕಡ್ಡಿ ಮೇಲೆ. ಇನ್ನೂರಕ್ಕೂ ಹೆಚ್ಚು ವರ್ಷದ ಹಳೆಯ ಐಡಿಯಾ ಮೇಜಿನ ಮೇಲೆ ಕೆಲಸ ಮಾಡುತ್ತೆ.

ಇಷ್ಟೆಲ್ಲಾ ಯಾಕೆ ಬೇಕಾಗಿತ್ತು? ಒಂದು ಕಾರಣ ಗೋಧಿಯ ಬೆಲೆ. ವಾಷಿಂಗ್ಟನ್ ಮೊದಲು ಬೆಳೀತಿದ್ದದ್ದು ತಂಬಾಕು. ಅದು ಮಣ್ಣಿನ ಸಾರ ಹೀರ್ತಿತ್ತು, ಲಂಡನ್ನಿನ ವ್ಯಾಪಾರಿಗಳ ಸಾಲವನ್ನೂ ಬೆಳೆಸ್ತಿತ್ತು. 1760ರ ದಶಕದಲ್ಲಿ ಅವನು ತಂಬಾಕು ಬಿಟ್ಟು ಗೋಧಿಗೆ ಬಂದ. ಮುಂದೆ ಹಿಟ್ಟಿನ ಗಿರಣಿ ಕಟ್ಟಿಸಿ, ತನ್ನ ಹೆಸರಿನ ಮುದ್ರೆ ಹಾಕಿ ಹಿಟ್ಟು ಮಾರಿದ. ಅದು ವೆಸ್ಟ್ ಇಂಡೀಸ್‌ವರೆಗೂ ಹೋಗ್ತಿತ್ತು. ಬಯಲಲ್ಲಿ ತುಳಿಸಿದ ಗೋಧಿಗೆ ಮಣ್ಣು ಸೇರುತ್ತೆ, ಲದ್ದಿ ಸೇರುತ್ತೆ, ಮಳೆ ಬಂದರೆ ಮೊಳಕೆ ಒಡೆಯುತ್ತೆ. ಬ್ರ್ಯಾಂಡ್ ಮಾಡಿ ಮಾರೋನಿಗೆ ಇದು ಆಗಲ್ಲ.

ಇನ್ನೊಂದು ಕಾರಣ ಬೀಗ. ಬಯಲಲ್ಲಿ ರಾಶಿ ಬಿದ್ದಿದ್ದರೆ ಯಾರು ಬೇಕಾದರೂ ಒಂದು ಹಿಡಿ ಒಯ್ಯಬಹುದು. ಕಾಳು ನೇರವಾಗಿ ಇಟ್ಟಿಗೆ ಗೋಡೆಯೊಳಗೆ ಬಿದ್ದರೆ ಬಾಗಿಲಿಗೆ ಬೀಗ ಹಾಕಿದರೆ ಸಾಕು. ದೂರದಲ್ಲಿದ್ದ ಯಜಮಾನನ ಪರವಾಗಿ ಕಟ್ಟಡವೇ ಕಾವಲು ಕಾಯುತ್ತೆ. ಒಯ್ಯಬಹುದಾಗಿದ್ದವರು ಯಾರು? ಆ ಗೋಧಿ ಬಿತ್ತಿ, ಕೊಯ್ದು, ತುಳಿಸಿದವರೇ. ಅವರು ಗುಲಾಮರು. ಅವರಿಗೆ ಪಡಿಯಾಗಿ ಸಿಗ್ತಿದ್ದದ್ದು ಮುಖ್ಯವಾಗಿ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಮೀನು. ಗೋಧಿ ಮಾರಾಟಕ್ಕೆ.

ಇಲ್ಲಿ ನಮ್ಮ ಕಣ ನೆನಪಾಗುತ್ತೆ. ರಾಶಿ ದಿನ ಬಡಗಿ, ಕಮ್ಮಾರ, ಅಗಸ ಎಲ್ಲರೂ ಕಣಕ್ಕೇ ಬಂದು ತಮ್ಮ ಆಯ ತಗೊಂಡು ಹೋಗೋರು. ಅದೇನು ಸಮಾನತೆಯ ಹಬ್ಬ ಆಗಿರಲಿಲ್ಲ ಬಿಡಿ. ಕೆಲವರು ಕಣದ ಅಂಚಿನಲ್ಲೇ ದೂರ ನಿಂತು, ಕೊಟ್ಟಷ್ಟು ಸೆರಗಿಗೆ ಹಾಕಿಸಿಕೊಂಡು ಹೋಗಬೇಕಿತ್ತು. ಆದರೂ ಕಣ ಬಯಲಲ್ಲಿತ್ತು. ರಾಶಿ ಎಷ್ಟು ಬಂತು ಅನ್ನೋದು ಎಲ್ಲರ ಕಣ್ಣಿಗೂ ಬೀಳ್ತಿತ್ತು. ಡೋಗ್ ರನ್‌ನಲ್ಲಿ ಕಣಕ್ಕೆ ಗೋಡೆ ಬಂತು, ಗೋಡೆಗೆ ಬಾಗಿಲು, ಬಾಗಿಲಿಗೆ ಬೀಗ.

ಈ ಕಥೆಯಲ್ಲಿ ನಮ್ಮಂಥ ಇಂಜಿನಿಯರುಗಳು ಓದಲೇಬೇಕಾದ ಒಂದು ಪತ್ರ ಇದೆ. ಡೋಗ್ ರನ್‌ಗಿಂತ ಮೊದಲೇ ವಾಷಿಂಗ್ಟನ್ ಇನ್ನೊಂದು ಹೊಲದಲ್ಲಿ ಇಟ್ಟಿಗೆಯ ದೊಡ್ಡ ಕಟ್ಟಡ ಕಟ್ಟಿಸಿದ್ದ. ಇಂಗ್ಲೆಂಡಿನ ಕೃಷಿ ಲೇಖಕ ಆರ್ಥರ್ ಯಂಗ್ ಕಳಿಸಿದ ಪ್ಲಾನ್ ಅದಕ್ಕೆ ಆಧಾರ. ಮೂವತ್ತು ಜನ ಒಳಗೆ ನಿಂತು ಬಡಿಗೆಯಿಂದ ತೆನೆ ಬಡಿಯಬಹುದಾದಷ್ಟು ಜಾಗ. 1793ರ ಸೆಪ್ಟೆಂಬರಿನಲ್ಲಿ ಊರಿಗೆ ಬಂದು ನೋಡ್ತಾನೆ: ಒಳಗೆ ಪೇರಿಸಿಟ್ಟಿದ್ದ ಗೋಧಿಯನ್ನು ಹೊರಗೆ ತಂದು, ಬಾಗಿಲಿನಿಂದ ಮೂವತ್ತು ಅಡಿಯೂ ಆಚೆ ಇಲ್ಲದ ಬಯಲಲ್ಲಿ ಹರವಿ, ಕುದುರೆ ಓಡಿಸ್ತಿದ್ದಾರೆ! ಮುಂದಿನ ತಿಂಗಳು ಹೆನ್ರಿ ಲೀಗೆ ಬರೆದ ಪತ್ರದಲ್ಲಿ ಈ ಸಂಕಟ ತೋಡಿಕೊಂಡಿದ್ದಾನೆ. ಇಷ್ಟು ಅನುಕೂಲದ ಕಟ್ಟಡ ದೇಶದಲ್ಲೇ ಇರಲಿಕ್ಕಿಲ್ಲ, ಆದರೂ ಹೀಗೆ ಅಂತ.

ಕೋಟಿ ಸುರಿದು ಮಾಡಿದ ಟೂಲ್ ಬಿಟ್ಟು ಟೀಮ್ ಪೂರ್ತಿ ಎಕ್ಸೆಲ್ ಶೀಟಿನಲ್ಲೇ ಕೆಲಸ ಮಾಡ್ತಿರೋದನ್ನು ನೀವೂ ನೋಡಿರ್ತೀರಿ. ಮ್ಯಾನೇಜರ್ ಬೈತಾನೆ, ಜನಕ್ಕೆ ಬುದ್ಧಿ ಇಲ್ಲ ಅಂತ. ವಾಷಿಂಗ್ಟನ್ನೂ ಮೇಸ್ತ್ರಿಗಳನ್ನೇ ಬೈದ. ಆದರೆ ಬಡಿಗೆ ಹಿಡಿದವರ ಕಡೆಯಿಂದ ಯೋಚಿಸಿ. ದಿನವಿಡೀ ಭುಜ ಎತ್ತಿ ತೆನೆ ಬಡಿಯಬೇಕಾದವರು ಯಜಮಾನನ ಗೋಧಿ ಹಸನಾಗಲಿ ಅಂತ ಯಾಕೆ ತೋಳು ಕಳೆದುಕೊಳ್ಳಬೇಕು? ಕುದುರೆ ಇದೆ, ಬಯಲಿದೆ. ಹದಿನಾರು ಮೂಲೆಯ ಕಟ್ಟಡದ ಜಾಣತನ ಇರೋದು ಇಲ್ಲೇ. ಅದು ಜನರಿಗೆ ಬಡಿಗೆ ಹಿಡಿಯಿರಿ ಅಂತ ಹಟ ಮಾಡಲ್ಲ. ಅವರು ಬಯಲಲ್ಲಿ ಮಾಡ್ತಿದ್ದ ಕುದುರೆ ತುಳಿತವನ್ನೇ ಮಾಡಿನ ಕೆಳಗೆ ತಂದುಬಿಡುತ್ತೆ. ಅವರ ಅಭ್ಯಾಸವನ್ನು ಒಪ್ಪಿಕೊಂಡು, ಕಾಳಿನ ದಾರಿಯನ್ನು ಮಾತ್ರ ಬದಲಿಸಿತು. ಒಳ್ಳೆಯ ಡಿಸೈನ್ ಅಂದರೆ ಇದೇ ಅಂತ ನಾವು ಟ್ರೈನಿಂಗ್‌ನಲ್ಲಿ ಹೇಳ್ತೀವಿ. ಆ ಒಳ್ಳೆಯದು ಯಾರಿಗೆ ಅನ್ನೋ ಪ್ರಶ್ನೆ ಸ್ಲೈಡಿನಲ್ಲಿ ಇರಲ್ಲ.

ಕಟ್ಟಡ 1795ರ ಹೊತ್ತಿಗೆ ಮುಗಿಯಿತು. ವಾಷಿಂಗ್ಟನ್ 1799ರ ಡಿಸೆಂಬರಿನಲ್ಲಿ ತೀರಿಕೊಂಡ. ಆ ವರ್ಷ ಮೌಂಟ್ ವರ್ನನ್‌ನಲ್ಲಿ 317 ಗುಲಾಮರಿದ್ದರು. ಅವರ ಹೆಸರು, ಯಾವ ಹೊಲ, ಏನು ಕೆಲಸ ಅಂತ ಪಟ್ಟಿಯನ್ನು ಅವನೇ ಬರೆದಿಟ್ಟಿದ್ದ. ಇಟ್ಟಿಗೆ ಎಣಿಸಿದ ಕೈಯೇ ಜನರನ್ನೂ ಎಣಿಸಿತ್ತು. ಅಲ್ಲಿನ ದಾಖಲೆಗಳಲ್ಲಿ ಐಸಾಕ್ ಅನ್ನೋ ಬಡಗಿ ಸಿಗ್ತಾನೆ, ಟಾಮ್ ಡೇವಿಸ್ ಅನ್ನೋ ಇಟ್ಟಿಗೆ ಕೆಲಸದವನು ಸಿಗ್ತಾನೆ. ಉಯಿಲಿನಲ್ಲಿ ವಾಷಿಂಗ್ಟನ್ ತನ್ನ ಹೆಸರಲ್ಲಿದ್ದ 123 ಜನರಿಗೆ ಬಿಡುಗಡೆ ಬರೆದ. ಅವರು 1801ರ ಜನವರಿ 1ರಂದು ಸ್ವತಂತ್ರರಾದರು. ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದ್ದವರಿಗೆ ಅದು ಅನ್ವಯಿಸಲಿಲ್ಲ. ಅವಳು ತೀರಿಕೊಂಡ ಮೇಲೆ ಅವರು ಮೊಮ್ಮಕ್ಕಳಿಗೆ ಪಾಲಾದರು. ಒಂದೇ ನೆಲದ ಮೇಲೆ ಒಟ್ಟಿಗೆ ದುಡಿದವರಲ್ಲಿ, ಒಂದೇ ಕುಟುಂಬದೊಳಗೇ, ಒಬ್ಬರು ಬಿಡುಗಡೆ, ಒಬ್ಬರು ಪಾಲು.

ಮೂಲ ಕಟ್ಟಡ ಈಗ ಇಲ್ಲ. 1870ರ ಸುಮಾರಿಗೆ ತೆಗೆದ ಒಂದು ಹಳೆಯ ಫೋಟೊದಲ್ಲಿ ಜೀರ್ಣವಾಗಿ ನಿಂತಿರೋದು ಕಾಣುತ್ತೆ. ಆ ಫೋಟೊ, ವಾಷಿಂಗ್ಟನ್‌ನ ನಕ್ಷೆ ಮತ್ತು ಪತ್ರಗಳ ಆಧಾರದ ಮೇಲೆ 1996ರಲ್ಲಿ ಮೌಂಟ್ ವರ್ನನ್‌ನಲ್ಲಿ, ಹಳೆಯ ಜಾಗದಲ್ಲಲ್ಲ, ಪೊಟೊಮ್ಯಾಕ್ ನದಿಯ ಹತ್ತಿರ, ಹೊಸದಾಗಿ ಕಟ್ಟಿದರು. ಕೈಯಲ್ಲಿ ಮಾಡಿದ ಇಟ್ಟಿಗೆಯಲ್ಲೇ. ಬಂದವರಿಗೆ ಕುದುರೆ ಓಡಿಸಿ ತೋರಿಸ್ತಾರೆ.

ಮಾಡೆಲ್ ಮುಗಿಯುವಾಗ ಕೊನೆಯಲ್ಲಿ ಬರೋ ಕೆಲಸ ಗೊಂಬೆಗಳನ್ನು ಇಡೋದು. 1:48ರಲ್ಲಿ ಮನುಷ್ಯ ಸುಮಾರು ಒಂದೂಕಾಲು ಇಂಚು. ಅಂಗಡಿಯಲ್ಲಿ ಸಿಗೋ ಫಾರ್ಮ್ ಸೆಟ್ಟಿನಲ್ಲಿ ಹ್ಯಾಟ್ ಹಾಕಿದ ಬಿಳಿಯ ರೈತ, ಏಪ್ರನ್ ಕಟ್ಟಿದ ಅವನ ಹೆಂಡತಿ ಇರ್ತಾರೆ. ಅವರಿಬ್ಬರೂ ಈ ಕಟ್ಟಡದವರಲ್ಲ. ಮೌಂಟ್ ವರ್ನನ್‌ನ ಹೊಲದ ಕೆಲಸಗಾರರಲ್ಲಿ ಹೆಚ್ಚಿನವರು ಗುಲಾಮ ಹೆಂಗಸರು. ಹಾಗಾಗಿ ತಂತಿ ಮತ್ತು ಎಪಾಕ್ಸಿ ಮಣ್ಣಿನಲ್ಲಿ ಆರು ಹೆಂಗಸರನ್ನು ಮಾಡಿದೆ. ನಾಲ್ವರು ಮೇಲಿನ ಹಾದಿಯ ಅಂಚಿನಲ್ಲಿ, ತೆನೆ ತಿರುವಿ ಹಾಕೋಕೆ ಕವೆಗೋಲು ಹಿಡಿದು. ಇಬ್ಬರು ಕೆಳಗಿನ ಉಗ್ರಾಣದಲ್ಲಿ, ಮೇಲಿನಿಂದ ಉದುರುವ ಕಾಳಿನ ಕೆಳಗೆ. ಒಂದು ಕಡೆಯ ಗೋಡೆಯನ್ನು ಬಿಚ್ಚಿ ತೆಗೆಯೋ ಹಾಗೆ ಮಾಡಿದ್ದೇನೆ, ಒಳಗೆ ಇರೋರು ಕಾಣಲಿ ಅಂತ. ನಕ್ಷೆಯಲ್ಲಿ ಆ ಗೋಡೆ ಮುಚ್ಚೇ ಇದೆ.